ನೀತಿಸಂಹಿತೆಯಿಂದ ಹೊಲಿಗೆ ಸಾಲಿನವರೆಗೆ

ಕಂಪನಿಗಳ ಸಾಮಾಜಿಕ ಹೊಣೆ ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣಮುಂದೆ ಬರುವುದು ಸರ್ಕಾರಿ ಶಾಲೆಯ ಹೊಸ ಕೊಠಡಿ, ಶುದ್ಧ ಕುಡಿಯುವ ನೀರಿನ ಘಟಕ, ಹೂಳೆತ್ತಿದ ಕೆರೆ ಮತ್ತು ಅವುಗಳ ಮೇಲೆ ಬರೆಸಿದ ಕಂಪನಿಯ ಹೆಸರು. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ವಿನಿಯೋಗಿಸಬೇಕೆಂಬ ನಿಯಮವಿದೆ. ಇದು ಲಾಭ ಕೈಸೇರಿದ ನಂತರದ ವೆಚ್ಚ. ಬಹುರಾಷ್ಟ್ರೀಯ ಕಂಪನಿಗಳು ‘ಕಾರ್ಪೊರೇಟ್ ಪೌರತ್ವ’ದ ಹೆಸರಿನಲ್ಲಿ ನಾಲ್ಕೈದು ದಶಕಗಳಿಂದ ಕೊಡುತ್ತ ಬಂದಿರುವ ವಾಗ್ದಾನ ಇದಕ್ಕಿಂತ ಹೆಚ್ಚು ಕಠಿಣವಾದದ್ದು, ಏಕೆಂದರೆ ಅದು ಲಾಭವನ್ನು ಹೇಗೆ ಗಳಿಸಲಾಗುತ್ತದೆ ಎಂಬುದಕ್ಕೆ ಸಂಬಂಧಿಸಿದ್ದು. ಸರಕು ತಯಾರಾಗುವ ಜಾಗದಲ್ಲಿ ಮಕ್ಕಳಿಂದ ದುಡಿಸುವುದಿಲ್ಲ, ಕನಿಷ್ಠ ವೇತನ ತಪ್ಪಿಸುವುದಿಲ್ಲ, ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದಕ್ಕೆ ಅಡ್ಡಿಪಡಿಸುವುದಿಲ್ಲ, ಹೊಳೆಗೆ ವಿಷ ಬಿಡುವುದಿಲ್ಲ ಎಂದು ಯಾವ ಕಾನೂನಿನ ಒತ್ತಾಯವೂ ಇಲ್ಲದೆ ಕಂಪನಿಯೇ ಲೋಕದೆದುರು ಹೇಳಿಕೊಳ್ಳುವ ಮಾತು ಅದು. ಈ ಮಾತು ಕೇಂದ್ರ ಕಚೇರಿಯ ಗೋಡೆಯಿಂದ ಕಾರ್ಖಾನೆಯ ನೆಲಕ್ಕೆ ಯಾವ ದಾರಿಯಲ್ಲಿ ಇಳಿಯುತ್ತದೆ, ನಡುವೆ ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ತಿಳಿಯಲು ಸಿದ್ಧ ಉಡುಪಿನ ಉದ್ಯಮಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ಉದ್ಯಮದ ಒಂದು ಮುಖ್ಯ ನೆಲೆ ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿಯೇ ಇದೆ.

ಈ ಬಗೆಯ ಸ್ವಯಂಪ್ರೇರಿತ ಬದ್ಧತೆಗೆ ಮೊದಲ ಸ್ಪಷ್ಟ ರೂಪ ಸಿಕ್ಕಿದ್ದು ವರ್ಣಭೇದದ ದಿನಗಳ ದಕ್ಷಿಣ ಆಫ್ರಿಕಾದಲ್ಲಿ. ಅಮೆರಿಕದ ಫಿಲಡೆಲ್ಫಿಯಾ ನಗರದ ಪಾದ್ರಿ ಲಿಯಾನ್ ಸಲಿವನ್ 1971ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ನಿರ್ದೇಶಕ ಮಂಡಳಿಯನ್ನು ಸೇರಿದ ಮೊದಲ ಕಪ್ಪುವರ್ಣೀಯರು. ಆ ಕಂಪನಿಯೂ ಸೇರಿದಂತೆ ದಕ್ಷಿಣ ಆಫ್ರಿಕಾದಲ್ಲಿ ವ್ಯವಹಾರವಿದ್ದ ಅಮೆರಿಕನ್ ಕಂಪನಿಗಳ ಮುಂದೆ ಅವರು 1977ರಲ್ಲಿ ಆರು ಸೂತ್ರಗಳನ್ನಿಟ್ಟರು. ಊಟದ ಮನೆ, ಶೌಚಾಲಯ, ಕೆಲಸದ ಜಾಗಗಳಲ್ಲಿ ಬಣ್ಣದ ಬೇಲಿ ಇರಕೂಡದು, ಸಮಾನ ಕೆಲಸಕ್ಕೆ ಸಮಾನ ವೇತನ ಸಿಗಬೇಕು, ಕಪ್ಪುವರ್ಣೀಯರಿಗೆ ತರಬೇತಿ ಕೊಟ್ಟು ಮೇಲಿನ ಹುದ್ದೆಗಳಿಗೆ ತರಬೇಕು ಎಂಬುದು ಅವುಗಳ ತಿರುಳು. ಆರಂಭದಲ್ಲಿ ಒಪ್ಪಿಕೊಂಡವು 12 ಕಂಪನಿಗಳು. ಮುಂದೆ ಆ ಸಂಖ್ಯೆ ನೂರನ್ನು ದಾಟಿತು. ಸಲಿವನ್ನರು ಸೂತ್ರಗಳನ್ನು ಹೊರಡಿಸಿ ಸುಮ್ಮನಾಗಲಿಲ್ಲ. ಸಹಿ ಹಾಕಿದ ಕಂಪನಿಗಳು ಪ್ರತಿವರ್ಷ ವರದಿ ಸಲ್ಲಿಸಬೇಕು, ಆರ್ಥರ್ ಡಿ. ಲಿಟಲ್ ಎಂಬ ಸಲಹಾ ಸಂಸ್ಥೆ ಅವುಗಳಿಗೆ ದರ್ಜೆ ನೀಡಬೇಕು ಎಂಬ ಏರ್ಪಾಡನ್ನೂ ಮಾಡಿದರು. ಸಂಹಿತೆ, ವರದಿ, ಹೊರಗಿನವರ ಅಳತೆ ಎಂಬ ಈ ಮೂರು ಕಾಲಿನ ಚೌಕಟ್ಟೇ ಇಂದಿಗೂ ಬಳಕೆಯಲ್ಲಿರುವುದು. ಅದನ್ನು ಕಟ್ಟಿದವರೇ ಹತ್ತು ವರ್ಷಗಳ ನಂತರ, 1987ರಲ್ಲಿ, ಸೂತ್ರಗಳು ವರ್ಣಭೇದವನ್ನು ಕೆಡವಲಾರದೆ ಹೋದವೆಂದು ಬಹಿರಂಗವಾಗಿ ಹೇಳಿ, ಕಂಪನಿಗಳು ಆ ದೇಶವನ್ನೇ ಬಿಟ್ಟು ಹೊರಡಬೇಕೆಂದು ಕರೆಕೊಟ್ಟರು. ಕಾರ್ಖಾನೆಯ ಆವರಣದೊಳಗೆ ಆದ ಸುಧಾರಣೆ ನಿಜವಾದದ್ದೇ ಆಗಿದ್ದರೂ ಆವರಣದ ಹೊರಗಿನ ಕಾನೂನು ಹಾಗೆಯೇ ಉಳಿದಿತ್ತು ಎಂಬ ಅವರ ತೀರ್ಮಾನವನ್ನು, ನಂತರದ ಸಂಹಿತೆಗಳನ್ನು ಬರೆದವರು ಮನಸ್ಸಿಗೆ ತಂದುಕೊಂಡದ್ದು ಕಡಿಮೆ.

ಸಲಿವನ್ ಸೂತ್ರಗಳು ಅನ್ವಯವಾದದ್ದು ಕಂಪನಿಗಳ ಸ್ವಂತ ಕಾರ್ಖಾನೆಗಳಿಗೆ. 1980ರ ದಶಕದ ಹೊತ್ತಿಗೆ ಉಡುಪು, ಪಾದರಕ್ಷೆ, ಆಟಿಕೆಗಳ ದೊಡ್ಡ ಬ್ರಾಂಡುಗಳು ತಯಾರಿಕೆಯನ್ನು ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದ ಗುತ್ತಿಗೆ ಕಾರ್ಖಾನೆಗಳಿಗೆ ವಹಿಸಿ, ವಿನ್ಯಾಸ ಮತ್ತು ಮಾರಾಟವನ್ನು ಮಾತ್ರ ತಮ್ಮಲ್ಲಿ ಉಳಿಸಿಕೊಂಡಿದ್ದರಿಂದ ಹೊಣೆಯ ಪ್ರಶ್ನೆ ಜಟಿಲವಾಯಿತು. ಹೊಲಿಯುವವರು ಬ್ರಾಂಡಿನ ನೌಕರರಲ್ಲ, ಕಾರ್ಖಾನೆ ಬ್ರಾಂಡಿನ ಆಸ್ತಿಯಲ್ಲ, ಆದರೆ ಬಟ್ಟೆಯ ಮೇಲಿನ ಹೆಸರು ಬ್ರಾಂಡಿನದೇ. ಲೀವೈ ಸ್ಟ್ರಾಸ್ ಕಂಪನಿ 1991ರಲ್ಲಿ ತನ್ನ ಗುತ್ತಿಗೆದಾರರು ಪಾಲಿಸಬೇಕಾದ ಷರತ್ತುಗಳನ್ನು ಹೊರಡಿಸಿತು. ನೈಕಿ ಕಂಪನಿ ಈ ಕಾರ್ಖಾನೆಗಳು ತನ್ನವಲ್ಲವೆಂದು ವರ್ಷಗಟ್ಟಲೆ ವಾದಿಸಿ, ಕೊನೆಗೆ 1998ರ ಮೇ ತಿಂಗಳಲ್ಲಿ ಅದರ ಮುಖ್ಯಸ್ಥ ಫಿಲ್ ನೈಟ್ ಅವರ ಮೂಲಕವೇ, ಶೂ ಕಾರ್ಖಾನೆಗಳಲ್ಲಿ ಹೊಸದಾಗಿ ಸೇರುವವರ ಕನಿಷ್ಠ ವಯಸ್ಸು 18 ಇರುವುದೆಂದೂ ಕಾರ್ಖಾನೆಯ ಗಾಳಿಯ ಗುಣಮಟ್ಟ ಅಮೆರಿಕದ ಮಾನದಂಡವನ್ನು ಮುಟ್ಟುವುದೆಂದೂ ಘೋಷಿಸಿತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ 1999ರ ಜನವರಿಯಲ್ಲಿ ದಾವೋಸ್‌ನಲ್ಲಿ ಸೂಚಿಸಿ 2000ದ ಜುಲೈನಲ್ಲಿ ಆರಂಭಿಸಿದ ‘ಗ್ಲೋಬಲ್ ಕಾಂಪ್ಯಾಕ್ಟ್’ ಈ ಚದುರಿದ ಪ್ರಯತ್ನಗಳಿಗೆ ಒಂದು ಸಾಮಾನ್ಯ ವೇದಿಕೆ ಒದಗಿಸಿತು. ಮಾನವ ಹಕ್ಕು, ಕಾರ್ಮಿಕ ಹಕ್ಕು ಮತ್ತು ಪರಿಸರ ಕುರಿತ ಅದರ ಒಂಬತ್ತು ತತ್ವಗಳಿಗೆ 2004ರಲ್ಲಿ ಭ್ರಷ್ಟಾಚಾರ ವಿರೋಧದ ಹತ್ತನೆಯದು ಸೇರಿತು. ಸೇರಿದ ಕಂಪನಿ ವರ್ಷಕ್ಕೊಮ್ಮೆ ಪ್ರಗತಿ ವರದಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಸಲ್ಲಿಸಿದ ವರದಿಯಲ್ಲಿರುವುದು ನಿಜವೇ ಎಂದು ಸ್ಥಳಕ್ಕೆ ಹೋಗಿ ನೋಡುವ ವ್ಯವಸ್ಥೆ ಅದರಲ್ಲಿಲ್ಲ.

ಸ್ಥಳಕ್ಕೆ ಹೋಗಿ ನೋಡುವ ಕೆಲಸ ‘ಸೋಷಿಯಲ್ ಆಡಿಟ್’ ಎಂಬ ಹೆಸರಿನಲ್ಲಿ ತಾನೇ ಒಂದು ಉದ್ಯಮವಾಗಿ ಬೆಳೆಯಿತು. ಬ್ರಾಂಡು ತನ್ನ ನೀತಿಸಂಹಿತೆಯನ್ನು ಪೂರೈಕೆದಾರರೊಂದಿಗಿನ ಕರಾರಿಗೆ ಲಗತ್ತಿಸುತ್ತದೆ. ಕಾರ್ಖಾನೆಯ ಮಾಲೀಕರು ಸಹಿ ಹಾಕುತ್ತಾರೆ. ಸಂಹಿತೆಯ ಪ್ರತಿ ಸ್ಥಳೀಯ ಭಾಷೆಯಲ್ಲಿ ಗೇಟಿನ ಬಳಿಯ ಫಲಕಕ್ಕೆ ಬರುತ್ತದೆ. ನಂತರ ಬ್ರಾಂಡಿನ ಸಿಬ್ಬಂದಿಯೋ ಅದು ಒಪ್ಪಿದ ಖಾಸಗಿ ಸಂಸ್ಥೆಯೋ ಒಂದೆರಡು ದಿನ ಕಾರ್ಖಾನೆಯಲ್ಲಿ ಓಡಾಡಿ, ಹಾಜರಿ ಪುಸ್ತಕ, ವೇತನ ಪಟ್ಟಿ, ಪಿಎಫ್ ಮತ್ತು ಇಎಸ್‌ಐ ದಾಖಲೆಗಳನ್ನು ತಿರುವಿಹಾಕಿ, ಆಯ್ದ ಕೆಲವರನ್ನು ಮಾತನಾಡಿಸಿ, ಕಂಡ ಕೊರತೆಗಳನ್ನು ಪಟ್ಟಿಮಾಡುತ್ತದೆ. ಅವನ್ನು ಗೊತ್ತಾದ ಗಡುವಿನೊಳಗೆ ಸರಿಪಡಿಸುವ ಯೋಜನೆಯನ್ನು ಕಾರ್ಖಾನೆ ಸಲ್ಲಿಸುತ್ತದೆ, ಮರುಪರಿಶೀಲನೆ ನಡೆಯುತ್ತದೆ. ಕಾಗದದ ಮೇಲೆ ಈ ಚಕ್ರದಲ್ಲಿ ಕುಂದು ಕಾಣುವುದಿಲ್ಲ. ಆದರೆ ಹಲವು ವೇಳೆ ಆಡಿಟಿನ ದಿನಾಂಕ ಮೊದಲೇ ತಿಳಿದಿರುತ್ತದೆ, ಅದರ ಶುಲ್ಕವನ್ನು ಬಹಳಷ್ಟು ಸಂದರ್ಭಗಳಲ್ಲಿ ಕಾರ್ಖಾನೆಯೇ ಭರಿಸುತ್ತದೆ, ಸೂಪರ್‌ವೈಸರ್ ಕಣ್ಣಳತೆಯಲ್ಲಿರುವಾಗ ಟೈಲರ್ ಮತ್ತು ಹೆಲ್ಪರ್‌ಗಳು ಹೇಳಿಕೊಟ್ಟ ಉತ್ತರವನ್ನಲ್ಲದೆ ಬೇರೆ ಮಾತನಾಡಲು ಹಿಂಜರಿಯುತ್ತಾರೆ. ಬೈಯರ್ ಬರುವ ದಿನ ಹೊಲಿಗೆ ಸಾಲುಗಳ ನಡುವಿನ ದಾರಿ ತೆರವಾಗುವುದು, ಮಾಸ್ಕು ಮತ್ತು ಸೂಜಿ ತಡೆಯುವ ಗಾರ್ಡು ಕಾಣಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತುಂಬುವುದು ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಹೊಸ ಸಂಗತಿಯಲ್ಲ. ಟಾರ್ಗೆಟ್ ಮುಗಿಯದಾಗಿನ ಬೈಗುಳ, ಶೌಚಾಲಯಕ್ಕೆ ಎದ್ದು ಹೋಗುವುದಕ್ಕೂ ಇರುವ ಅಂಜಿಕೆ, ಓಟಿ ದರ ಕೊಡುವ ಬದಲು ‘ಕಾಂಪ್ ಆಫ್’ ಎಂದು ಬೇರೊಂದು ದಿನ ರಜೆ ಕೊಟ್ಟು ಸರಿದೂಗಿಸುವ ಪದ್ಧತಿ, ಇಂಥವು ಕಡತದಲ್ಲಿ ಸುಲಭವಾಗಿ ಸಿಗುವಂಥವಲ್ಲ.

ಆಡಿಟಿನ ಕಣ್ಣಿಗೆ ಬೀಳದೆ ಉಳಿದದ್ದರ ಬೆಲೆಯನ್ನು 2012 ಮತ್ತು 2013ರಲ್ಲಿ ದಕ್ಷಿಣ ಏಷ್ಯಾದ ಕಾರ್ಮಿಕರು ತೆತ್ತರು. ಕರಾಚಿಯ ಬಲ್ದಿಯಾ ಪ್ರದೇಶದ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಯಲ್ಲಿ 2012ರ ಸೆಪ್ಟೆಂಬರ್ 11ರಂದು ಹತ್ತಿದ ಬೆಂಕಿಗೆ 250ಕ್ಕೂ ಹೆಚ್ಚು ಜನ ಬಲಿಯಾದರು. ಕೆಲವೇ ವಾರಗಳ ಹಿಂದೆ ಅದಕ್ಕೆ ಎಸ್‌ಎ 8000 ಎಂಬ, ಕಾರ್ಮಿಕ ಸ್ಥಿತಿಗತಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಪ್ರಮಾಣಪತ್ರ ದೊರೆತಿತ್ತು. ಬೆಂಕಿಯನ್ನು ದುರುದ್ದೇಶದಿಂದ ಹಚ್ಚಲಾಗಿತ್ತೆಂದು ಅಲ್ಲಿನ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ. ಆದರೂ ಸರಳು ಹಾಕಿದ ಕಿಟಕಿಗಳು ಮತ್ತು ತೆರೆಯದ ಬಾಗಿಲುಗಳು ಒಳಗಿದ್ದವರನ್ನು ಹೊರಬಿಡಲಿಲ್ಲ ಎಂಬ ಸತ್ಯವನ್ನು ಆ ತೀರ್ಪು ಅಳಿಸುವುದಿಲ್ಲ. ಮರುವರ್ಷ ಏಪ್ರಿಲ್ 24ರಂದು ಢಾಕಾ ಬಳಿಯ ಸವಾರ್‌ನಲ್ಲಿ ಎಂಟು ಅಂತಸ್ತಿನ ರಾಣಾ ಪ್ಲಾಜಾ ಕುಸಿದು 1,134 ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಕಂಬಗಳಲ್ಲಿ ಬಿರುಕು ಕಂಡು ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತ್ತು. ಮೇಲಿನ ಐದು ಉಡುಪು ಕಾರ್ಖಾನೆಗಳ ಕಾರ್ಮಿಕರನ್ನು ಮಾತ್ರ ಮರುದಿನ ಬೆಳಿಗ್ಗೆ ಕೆಲಸಕ್ಕೆ ಕರೆಯಲಾಯಿತು. ಆ ಕಾರ್ಖಾನೆಗಳಲ್ಲಿ ಕೆಲವು ಸಂಹಿತೆಯ ಆಡಿಟಿಗೆ ಒಳಪಟ್ಟಿದ್ದವು. ಕಟ್ಟಡದ ಗಟ್ಟಿತನವನ್ನು ಅಳೆಯುವುದು ಆ ಆಡಿಟಿನ ವ್ಯಾಪ್ತಿಗೆ ಬರುತ್ತಿರಲಿಲ್ಲ ಎಂಬ ಸಮಜಾಯಿಷಿ ನಂತರ ಬಂತು. ತಾಂತ್ರಿಕವಾಗಿ ಅದು ಸರಿಯಿರಬಹುದು, ಆದರೆ ಹೋಗಲಾರೆವೆಂದು ಹೇಳುವ ಬಲ ಆ ಬೆಳಿಗ್ಗೆ ಅಲ್ಲಿ ನಿಂತಿದ್ದ ಹೆಣ್ಣುಮಕ್ಕಳಿಗೆ ಏಕಿರಲಿಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಈ ವಿಫಲತೆಯನ್ನು ಆಡಿಟರುಗಳ ಅಪ್ರಾಮಾಣಿಕತೆಗೆ ಮಾತ್ರ ಹೊರಿಸುವುದು ವಾಸ್ತವವನ್ನು ಅರ್ಧ ನೋಡಿದಂತೆ. ನೈಕಿಯ ನೂರಾರು ಪೂರೈಕೆದಾರರ ಆಡಿಟ್ ದಾಖಲೆಗಳನ್ನು ಆ ಕಂಪನಿಯ ಅನುಮತಿಯಿಂದಲೇ ಪರಿಶೀಲಿಸಿದ ಅಮೆರಿಕದ ವಿದ್ವಾಂಸ ರಿಚರ್ಡ್ ಲಾಕ್ ಮತ್ತು ಸಂಗಡಿಗರು, ವರ್ಷಗಳ ತಪಾಸಣೆಯ ನಂತರವೂ ಸುಮಾರು ಶೇ 80ರಷ್ಟು ಪೂರೈಕೆದಾರರಲ್ಲಿ ಸ್ಥಿತಿ ಇದ್ದಲ್ಲಿಯೇ ಇತ್ತು ಅಥವಾ ಹದಗೆಟ್ಟಿತ್ತು ಎಂದು 2007ರಲ್ಲಿ ಪ್ರಕಟಿಸಿದರು. ಇದಕ್ಕೆ ಕಾರಣ ಹುಡುಕುತ್ತ ಹೋದರೆ ಬ್ರಾಂಡಿನ ಕಚೇರಿಯೊಳಗೇ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿ ಸಂಹಿತೆಯನ್ನು ಕಾಯುವ ವಿಭಾಗ ಒಂದು, ಆರ್ಡರ್ ಕೊಡುವ ಖರೀದಿ ವಿಭಾಗ ಇನ್ನೊಂದು. ಮೊದಲನೆಯದು ವಾರಕ್ಕೆ ಅರವತ್ತು ಗಂಟೆ ಮೀರಿ ದುಡಿಸಬಾರದೆನ್ನುತ್ತದೆ. ಎರಡನೆಯದು ಬಣ್ಣವನ್ನೋ ಅಳತೆಯನ್ನೋ ಕೊನೆಗಳಿಗೆಯಲ್ಲಿ ಬದಲಿಸಿ, ಸರಕು ತಲುಪಬೇಕಾದ ದಿನಾಂಕವನ್ನು ಮಾತ್ರ ಬದಲಿಸದೆ ಉಳಿಸುತ್ತದೆ. ಖರೀದಿ ವಿಭಾಗದವರ ಬಡ್ತಿ ನಿರ್ಧಾರವಾಗುವುದು ಅವರು ಎಷ್ಟು ಕಡಿಮೆ ಬೆಲೆಗೆ ತಂದರು ಎಂಬುದರ ಮೇಲೆ. ಎರಡು ವಿಭಾಗಗಳೂ ಒಂದೇ ಕಾರ್ಖಾನೆಯೊಡನೆ ಮಾತನಾಡುವಾಗ, ಕಾರ್ಖಾನೆಯ ಮಾಲೀಕರು ಆರ್ಡರ್ ಕೊಡುವವರ ಮಾತಿಗೆ ಕಿವಿಗೊಡುವುದು ಸಹಜ.

ಆ ಬೆಲೆ ನಿಗದಿಯಾಗುವ ಕ್ರಮವನ್ನು ಹತ್ತಿರದಿಂದ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಒಂದು ಅಂಗಿಯ ಕಾಲರು, ಕಫ್, ಜೇಬು, ಗುಂಡಿಕಾಜ ಹೀಗೆ ಪ್ರತಿಯೊಂದು ಕೆಲಸಕ್ಕೂ ಇಷ್ಟು ಸಮಯ ಸಾಕೆಂದು ಸೆಕೆಂಡುಗಳ ಲೆಕ್ಕ ಹಾಕಿ, ಒಟ್ಟು ಮೊತ್ತವನ್ನು ‘ಸ್ಯಾಮ್’ ಎಂದು ಕರೆಯುತ್ತಾರೆ. ಅಂಗಿಗೆ ಗೊತ್ತುಪಡಿಸಿದ ಹೊಲಿಗೆಯ ನಿಮಿಷಗಳು ಅವು. ಈ ನಿಮಿಷಗಳನ್ನು ಒಂದು ನಿಮಿಷದ ಖರ್ಚಿನಿಂದ ಗುಣಿಸಿ ಹೊಲಿಗೆಯ ದರ ಬರುತ್ತದೆ, ಸಾಲಿನ ದಿನದ ಟಾರ್ಗೆಟ್ ಕೂಡ ಇದರಿಂದಲೇ ಹುಟ್ಟುತ್ತದೆ. ಕನಿಷ್ಠ ವೇತನ ಏರಿದಾಗ ನಿಮಿಷದ ಖರ್ಚೂ ಏರಬೇಕು. ಬೈಯರ್ ಬೆಲೆ ಏರಿಸಲು ಒಪ್ಪದಿದ್ದರೆ ಕಾರ್ಖಾನೆಗೆ ಉಳಿಯುವ ದಾರಿಗಳು ಎರಡೇ, ನಿಮಿಷಗಳನ್ನು ಹಿಂಡಿ ಟಾರ್ಗೆಟ್ ಏರಿಸುವುದು, ಇಲ್ಲವೇ ಏರಿದ ವೇತನವನ್ನು ಕೊಡದೆ ಹಿಡಿದುಕೊಳ್ಳುವುದು.

ಎರಡನೆಯ ದಾರಿಯನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ರಾಜ್ಯದಲ್ಲಿ ಕನಿಷ್ಠ ವೇತನದ ಭಾಗವಾಗಿ, ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಪ್ರತಿವರ್ಷ ಏಪ್ರಿಲ್ 1ರಿಂದ ಪರಿಷ್ಕಾರವಾಗುವ ತುಟ್ಟಿಭತ್ಯೆ, ಅಂದರೆ ವಿಡಿಎ ಸೇರಿರುತ್ತದೆ. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ಏರಿಕೆ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಹೊತ್ತಿನಲ್ಲಿ ಉದ್ಯಮದ ಕೋರಿಕೆಯಂತೆ ರಾಜ್ಯ ಸರ್ಕಾರ ಇದನ್ನು ಮುಂದೂಡಿತು. ಸಂಘಟನೆಗಳು ಮೊರೆಹೋದ ಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಮುಂದೂಡಿಕೆಗೆ ತಡೆ ನೀಡಿ, ಬಾಕಿಸಹಿತ ವೇತನ ಪಾವತಿಸುವಂತೆ ಹೇಳಿತು. ಆದರೂ ಹಣ ಬರಲಿಲ್ಲ. ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆಯಾದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಲೆಕ್ಕದಂತೆ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಈ ಬಾಕಿ ಸಲ್ಲಬೇಕಿತ್ತು. 417 ರೂಪಾಯಿಯನ್ನು ತಿಂಗಳ 26 ದುಡಿಮೆಯ ದಿನಗಳಿಗೆ ಹಂಚಿದರೆ ದಿನಕ್ಕೆ 16 ರೂಪಾಯಿ. ಎಂಟು ಗಂಟೆಯ ಪಾಳಿಯಲ್ಲಿ 480 ನಿಮಿಷ, ಅಂದರೆ ನಿಮಿಷಕ್ಕೆ ಮೂರು ಪೈಸೆ ಚಿಲ್ಲರೆ. ಇಪ್ಪತ್ತು ನಿಮಿಷದ ಅಂಗಿ ಎಂದುಕೊಂಡರೆ ಹೊಲಿಗೆಯ ಪಾಲು ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಕಟಿಂಗ್, ಪ್ಯಾಕಿಂಗ್‌ನವರ ಪಾಲನ್ನೂ ನಿಧಾನವಾಗಿ ಸಾಗುವ ಸಾಲಿನ ನಷ್ಟವನ್ನೂ ಸೇರಿಸಿದರೂ ಅಂಗಿಯೊಂದಕ್ಕೆ ಕೆಲವೇ ರೂಪಾಯಿಯ ಮಾತು. ಇಲ್ಲಿಂದ ಬಟ್ಟೆ ಕೊಳ್ಳುತ್ತಿದ್ದ ದೊಡ್ಡ ಬ್ರಾಂಡುಗಳ ಸಂಹಿತೆಗಳು ಸ್ಥಳೀಯ ಕನಿಷ್ಠ ವೇತನದ ಪಾಲನೆಯನ್ನು ಕಡ್ಡಾಯವೆನ್ನುತ್ತವೆ. ಬಾಕಿಯನ್ನು ಪತ್ತೆಹಚ್ಚಲು ಗುಪ್ತ ತನಿಖೆಯೇನೂ ಬೇಕಿರಲಿಲ್ಲ, ವೇತನ ಚೀಟಿಯನ್ನೂ ಸರ್ಕಾರದ ದರಪಟ್ಟಿಯನ್ನೂ ಅಕ್ಕಪಕ್ಕ ಇಟ್ಟರೆ ಸಾಕಿತ್ತು. ಹಾಗಿದ್ದೂ ಹೆಚ್ಚುಕಡಿಮೆ ಎರಡು ವರ್ಷ ಕಳೆಯಿತು. ಸಂಘಟನೆಗಳ ಪಟ್ಟು, ಹೊರದೇಶದ ಪತ್ರಿಕೆಗಳ ವರದಿ ಮತ್ತು ಆ ಮೂಲಕ ಬ್ರಾಂಡುಗಳ ಮೇಲೆ ಬಿದ್ದ ಒತ್ತಡ ಒಂದಾದ ಮೇಲೆ, 2022ರ ಆರಂಭದಲ್ಲಿ ದೊಡ್ಡ ರಫ್ತುದಾರರು ಬಾಕಿ ಪಾವತಿಗೆ ತೊಡಗಿದರು. ಸಂಹಿತೆ ಕೊನೆಗೂ ಉಪಯೋಗಕ್ಕೆ ಬಂತೆಂದು ಇದನ್ನು ಓದಬಹುದು, ಏಕೆಂದರೆ ಬ್ರಾಂಡುಗಳನ್ನು ಕೇಳಲು ಅವರದೇ ಲಿಖಿತ ಮಾತು ಆಧಾರವಾಯಿತು. ಆದರೆ ಅದನ್ನು ಹಿಡಿದು ಕೇಳುವವರು ಹೊರಗಿನಿಂದ ಬರುವ ತನಕ ಅದು ತನ್ನಷ್ಟಕ್ಕೆ ತಾನು ಅಲುಗಲಿಲ್ಲ.

ಕೇಳುವವರಿಗೆ ಒಪ್ಪಂದದೊಳಗೇ ಜಾಗ ಕೊಟ್ಟರೆ ಏನಾಗುತ್ತದೆ ಎಂಬುದನ್ನು ರಾಣಾ ಪ್ಲಾಜಾ ದುರಂತದ ನಂತರ, 2013ರ ಮೇ ತಿಂಗಳಲ್ಲಿ, ರೂಪುಗೊಂಡ ‘ಬಾಂಗ್ಲಾದೇಶ ಅಕಾರ್ಡ್’ ತೋರಿಸಿತು. ಇದಕ್ಕೆ ಸಹಿ ಹಾಕುವುದು ಬ್ರಾಂಡಿನ ಇಚ್ಛೆಗೆ ಬಿಟ್ಟದ್ದು, ಆದರೆ ಹಾಕಿದ ಮೇಲೆ ಅದು ಕಾನೂನುಬದ್ಧ ಕರಾರು. ಆಡಳಿತ ಸಮಿತಿಯಲ್ಲಿ ಬ್ರಾಂಡುಗಳಷ್ಟೇ ಸ್ಥಾನ ಕಾರ್ಮಿಕ ಸಂಘಟನೆಗಳಿಗೂ ಇತ್ತು, ಅಧ್ಯಕ್ಷತೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯದಾಗಿತ್ತು. ಸುಮಾರು 1,600 ಕಾರ್ಖಾನೆಗಳನ್ನು ಸ್ವತಂತ್ರ ಎಂಜಿನಿಯರುಗಳು ಪರೀಕ್ಷಿಸಿ, ವರದಿಗಳನ್ನು ಕಾರ್ಖಾನೆಯ ಹೆಸರಿನ ಸಮೇತ ಪ್ರಕಟಿಸಿದರು. ಕಟ್ಟಡ ಅಪಾಯಕರವೆನಿಸಿದರೆ ಒಳಗೆ ಹೋಗಲು ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ದುರಸ್ತಿಯ ಖರ್ಚನ್ನು ಕಾರ್ಖಾನೆ ಭರಿಸಲು ಸಾಧ್ಯವಾಗುವಂಥ ವ್ಯವಹಾರದ ಷರತ್ತುಗಳನ್ನು ಖಾತರಿಪಡಿಸುವುದು ಬ್ರಾಂಡಿನ ಹೊಣೆ ಎಂದು ಬರೆಯಲಾಗಿತ್ತು. ಸುರಕ್ಷತೆಯ ಕಾಗದದಲ್ಲಿ ಬೆಲೆಯ ಮಾತು ಸೇರಿದ್ದು ಅಪರೂಪದ ಸಂಗತಿ. ಮಾತು ತಪ್ಪಿದರೆಂದು ಎರಡು ಬ್ರಾಂಡುಗಳನ್ನು ಸಂಘಟನೆಗಳು ಹೇಗ್‌ನ ಕಾಯಂ ಮಧ್ಯಸ್ಥಿಕೆ ನ್ಯಾಯಾಲಯದ ಮುಂದೆ ತಂದಾಗ, ಅವುಗಳಲ್ಲೊಂದು 2018ರ ಜನವರಿಯಲ್ಲಿ 23 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ಕಾರ್ಖಾನೆಗಳಿಗೆ ಬೆಂಕಿ ತಡೆಯುವ ಬಾಗಿಲುಗಳು ಬಂದವು, ಕಂಬಗಳು ಬಲಗೊಂಡವು, ಬೀಗ ಹಾಕುತ್ತಿದ್ದ ನಿರ್ಗಮನ ದ್ವಾರಗಳು ತೆರೆದವು. ಅಕಾರ್ಡ್ ವೇತನವನ್ನು ಮುಟ್ಟಲಿಲ್ಲ, ಸಂಘ ಕಟ್ಟುವ ಸ್ವಾತಂತ್ರ್ಯವನ್ನು ದೊಡ್ಡದಾಗಿ ಹಿಗ್ಗಿಸಲೂ ಇಲ್ಲ. ಆದರೆ ಮುಟ್ಟಿದ ಒಂದು ವಿಷಯದಲ್ಲಿ ಅದು ಎರಡು ದಶಕಗಳ ಆಡಿಟಿಗಿಂತ ಹೆಚ್ಚು ಜೀವಗಳನ್ನು ಕಾಪಾಡಿರಬಹುದೆಂದು ನಂಬಲು ಸಾಕಷ್ಟು ಕಾರಣವಿದೆ.

ಇಂಥ ಕರಾರಿನ ಚಿಕ್ಕ ರೂಪವೊಂದು ಶ್ರೀರಂಗಪಟ್ಟಣದಲ್ಲಿಯೂ ಪರೀಕ್ಷೆಗೆ ಒಳಗಾಯಿತು. ಸ್ವೀಡನ್ನಿನ ಎಚ್ ಅಂಡ್ ಎಂ ಕಂಪನಿ ‘ಇಂಡಸ್ಟ್ರಿಆಲ್’ ಎಂಬ ಜಾಗತಿಕ ಕಾರ್ಮಿಕ ಒಕ್ಕೂಟದೊಡನೆ 2015ರಲ್ಲಿ ಚೌಕಟ್ಟಿನ ಒಪ್ಪಂದ ಮಾಡಿಕೊಂಡು, ಪೂರೈಕೆದಾರರಲ್ಲಿ ಹುಟ್ಟುವ ಸಂಘದ ವಿವಾದಗಳನ್ನು ಮಾತುಕತೆಯಿಂದ ಬಗೆಹರಿಸಲು ನೆರವಾಗುವುದಾಗಿ ಒಪ್ಪಿತ್ತು. 2020ರ ಜೂನ್‌ನಲ್ಲಿ ಅದಕ್ಕೆ ಬಟ್ಟೆ ಪೂರೈಸುತ್ತಿದ್ದ ಶ್ರೀರಂಗಪಟ್ಟಣದ ಕಾರ್ಖಾನೆ ಇದ್ದಕ್ಕಿದ್ದಂತೆ ಮುಚ್ಚಿದಾಗ 1,200ಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. ಅವರಲ್ಲಿ ಬಹುಪಾಲು ಸುತ್ತಲಿನ ಹಳ್ಳಿಗಳ ಮಹಿಳೆಯರು, ಮತ್ತು ಅದು ಸಂಘವಿದ್ದ ಕಾರ್ಖಾನೆ. ಅವರು ವಾರಗಟ್ಟಲೆ ಕಾರ್ಖಾನೆಯ ಆವರಣದಲ್ಲಿಯೇ ಧರಣಿ ಕುಳಿತರು, ಅವರ ಸಂಘ ಜಾಗತಿಕ ಒಕ್ಕೂಟದ ಮೂಲಕ ಬ್ರಾಂಡಿನ ಬಾಗಿಲು ತಟ್ಟಿತು. 2021ರ ಫೆಬ್ರುವರಿಯಲ್ಲಿ ಮಾಲೀಕ ಕಂಪನಿ ಮತ್ತು ಸಂಘದ ನಡುವೆ, ಮರುನೇಮಕ ಹಾಗೂ ಸಂಘದ ಹಕ್ಕಿನ ಮನ್ನಣೆಯನ್ನು ಒಳಗೊಂಡ ಒಪ್ಪಂದವಾಯಿತು. ಮುಚ್ಚಿದ ಕಾರ್ಖಾನೆ ತೆರೆಯಲಿಲ್ಲ, ಎಂಟು ತಿಂಗಳ ಬದುಕಿನ ಏರುಪೇರನ್ನು ಒಪ್ಪಂದ ತುಂಬಿಕೊಡಲೂ ಆಗಲಿಲ್ಲ. ಆದರೂ ದೂರದ ಸ್ಟಾಕ್‌ಹೋಮಿನಲ್ಲಿ ಕೊಟ್ಟ ಮಾತನ್ನು ಮಂಡ್ಯ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಹಕ್ಕಾಗಿ ಹಿಡಿದು ಜಗ್ಗಲು ಸಾಧ್ಯವಾದದ್ದು, ಅದನ್ನು ಜಗ್ಗಲು ಅವರಿಗೊಂದು ಸಂಘವಿದ್ದುದರಿಂದ.

ಇತ್ತೀಚಿನ ವರ್ಷಗಳಲ್ಲಿ ಸ್ವಯಂಪ್ರೇರಣೆಯ ಭಾಗ ಕುಗ್ಗುತ್ತ, ಕಾನೂನಿನ ಭಾಗ ಹಿಗ್ಗುತ್ತಿದೆ. ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿಯಾಗಿದ್ದ ಜಾನ್ ರಗ್ಗಿ ಸಿದ್ಧಪಡಿಸಿ ಅದರ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿಕೊಂಡ ಮಾರ್ಗದರ್ಶಿ ತತ್ವಗಳು, ತನ್ನ ವ್ಯವಹಾರದಿಂದ ಯಾರಿಗೆ ಯಾವ ಹಾನಿ ಆಗಬಹುದೆಂದು ಕಂಪನಿ ಮೊದಲೇ ಹುಡುಕಿ ತಡೆಯಬೇಕು, ಆದ ಹಾನಿಗೆ ಪರಿಹಾರ ಒದಗಿಸಬೇಕು ಎಂದವು. ಫ್ರಾನ್ಸ್ 2017ರಲ್ಲಿ ಇದನ್ನೇ ದೊಡ್ಡ ಕಂಪನಿಗಳಿಗೆ ಕಾಯ್ದೆಯಾಗಿಸಿತು, ಜರ್ಮನಿಯ ಕಾಯ್ದೆ 2023ರ ಜನವರಿಯಿಂದ ಜಾರಿಗೆ ಬಂತು, ಯುರೋಪಿಯನ್ ಒಕ್ಕೂಟ 2024ರಲ್ಲಿ ತನ್ನ ನಿರ್ದೇಶನ ಹೊರಡಿಸಿ ಮರುವರ್ಷವೇ ಅದನ್ನು ಸಡಿಲಿಸುವ ಪ್ರಸ್ತಾವವನ್ನೂ ತಂದಿತು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 2022–23ರ ಆರ್ಥಿಕ ವರ್ಷದಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ನೋಂದಾಯಿತ ಕಂಪನಿಗಳಿಗೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿದೆ. ಇವುಗಳ ಪರಿಣಾಮವಾಗಿ ಬೆಂಗಳೂರಿನ ರಫ್ತುದಾರರ ಮೇಜಿಗೆ ಬರುವ ಪ್ರಶ್ನಾವಳಿಗಳು ಉದ್ದವಾಗುತ್ತಿವೆ. ನೀರಿನ ಬಳಕೆ, ಹತ್ತಿಯ ಮೂಲ, ಗುತ್ತಿಗೆಯ ಒಳಗುತ್ತಿಗೆ, ದೂರು ಸಮಿತಿಯ ಸಭೆಗಳ ನಡಾವಳಿ ಎಲ್ಲವನ್ನೂ ಅವು ಕೇಳುತ್ತವೆ. ಸರಕು ಸಾಗಿಸಿದ ಎಷ್ಟು ದಿನಕ್ಕೆ ಹಣ ಬರುತ್ತದೆ, ಕನಿಷ್ಠ ವೇತನ ಏರಿದ ವರ್ಷ ಅಂಗಿಯ ಬೆಲೆ ಎಷ್ಟು ಏರಿತು, ಆರ್ಡರ್ ಕೊಟ್ಟ ಮೇಲೆ ವಿನ್ಯಾಸ ಎಷ್ಟು ಸಲ ಬದಲಾಯಿತು ಎಂದು ಬೈಯರನ್ನು ಕೇಳುವ ಪ್ರಶ್ನಾವಳಿ ಮಾತ್ರ ವಿರಳ. ಖರೀದಿಯ ಷರತ್ತುಗಳನ್ನೇ ಸಂಹಿತೆಯೊಳಗೆ ತಂದು, ಬೆಲೆಯಲ್ಲಿ ಕೂಲಿಯ ಪಾಲನ್ನು ಚೌಕಾಸಿಗೆ ಸಿಗದಂತೆ ಬೇರೆಯಾಗಿ ಇಡಬೇಕೆಂಬ ಪ್ರಯತ್ನವನ್ನು ಕೆಲವು ಬ್ರಾಂಡುಗಳು ಜಾಗತಿಕ ಒಕ್ಕೂಟದ ಜತೆಗೂಡಿ 2015ರ ಆಸುಪಾಸಿನಲ್ಲಿ ‘ಆಕ್ಟ್’ ಎಂಬ ಹೆಸರಿನಿಂದ ಆರಂಭಿಸಿವೆ. ಬೆಂಗಳೂರಿನ ಕಾರ್ಖಾನೆಗಳಿಗೆ ಆರ್ಡರ್ ಬರುವಾಗ ಆ ಕೂಲಿಯ ಪಾಲು ಬೆಲೆಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಕಾಣಿಸಿಕೊಂಡು, ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಾಗಲೆಲ್ಲ ತಾನೂ ಏರುವಂತಾಗಬೇಕೆಂಬುದು ಇಲ್ಲಿನ ಸಂಘಟನೆಗಳು ಬ್ರಾಂಡುಗಳ ಮುಂದೆ ಇಡಬೇಕಾದ ಮೊದಲ ಬೇಡಿಕೆ. ಮಾಲೀಕರಿಗೂ ಇದರಿಂದ ನಷ್ಟವಿಲ್ಲದ ಕಾರಣ, ಆ ಬೇಡಿಕೆಯನ್ನು ಇಬ್ಬರೂ ಕೂಡಿಯೇ ಇಡುವುದಕ್ಕೂ ಅವಕಾಶವಿದೆ.